ಗುದ್ಲೆಪ್ಪ ಹೊಣೆ ಕಟ್ಟಿದ್ದು

ಹೂಂ ಅನ್ನುವವರು ಹೂಂ ಅನ್ನಿ, ನಿದ್ದೆ ಬಂದವರು ಮಾತ್ರ ಗೋಡೆಗೆ ಒರಗಬೇಡಿ. ಯಾಕೆಂದರೆ ಇದು ಒರಗಿದರೆ ಬೀಳುವಂಥ ಗೋಡೆಯ ಕತೆ.

ಒಂದೂರಲ್ಲಿ ಒಂದು ಚಾಳ. ಕೆಳಗೊಂದು ಸಾಲು ಖೋಲಿ, ಮೇಲೊಂದು ಸಾಲು ಖೋಲಿ, ಮೇಲಿನವರು ಓಡಾಡಲು ಮುಂದೊಂದು ಕಟ್ಟಿಗೆಯ ಗ್ಯಾಲರಿ. ಕೆಳಗಿನ ಕೊನೆಯ ಖೋಲಿಯಲ್ಲಿ ಕೌದಿ ಹೊಲಿದು ಬದುಕುವ ಫಕೀರವ್ವ ಇದ್ದಳು. ಅವಳಿಗೊಬ್ಬನೇ ಮಗ ಗುದ್ಲೆಪ್ಪ. ಆಳು ಬಾಗಿಲೆತ್ತರ, ಬುದ್ಧಿ ಹೊಸ್ತಿಲೆತ್ತರ. "ಹಾಲು ಕಾಯಾಕ ಇಟ್ಟೀನಿ, ನೋಡ್ತಿರು" ಅಂದರೆ ಹಾಲು ಉಕ್ಕಿ ಒಲೆ ಆರುವವರೆಗೂ ನೋಡುತ್ತಿದ್ದ.

"ಯಾಕಲೇ ಇಳಸಲಿಲ್ಲ, ಖೋಡಿ?"

"ನೋಡು ಅಂದಿ, ನೋಡಿದೆ. ಭಾಳ ಚಂದ ಉಕ್ಕಿತು ಯವ್ವಾ!"

ಇಂಥ ಮಗನನ್ನು ಹುಡುಕಿಕೊಂಡು ಒಂದು ದಿನ ಚಾಳದ ಮಾಲೀಕ ವಿರೂಪಣ್ಣ ಸಾವ್ಕಾರನೇ ಬಾಗಿಲಿಗೆ ಬಂದ. ಕೈಯಲ್ಲೊಂದು ಖಾಕಿ ಅಂಗಿ.

"ಫಕೀರವ್ವಾ, ನಿನ್ನ ಮಗ್ಗ ಒಂದು ನೌಕರಿ ಕೊಡಬೇಕಂತ ಮಾಡೀನಿ."

ಬೇರೆ ತಾಯಿಯಾಗಿದ್ದರೆ ಕಾಲಿಗೆ ಬೀಳುತ್ತಿದ್ದಳು. ಫಕೀರವ್ವ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, "ಯಾಕ್ರೀ?" ಅಂದಳು.

"ಯಾಕಂದ್ರ? ನಗರಸಭೆಯವರು ಹೊಸಾ ಕಾಯ್ದೆ ಮಾಡ್ಯಾರ. ಬಾಡಿಗಿ ಕೊಟ್ಟ ಕಟ್ಟಡಕ್ಕೆಲ್ಲಾ ಒಬ್ಬ ಸುರಕ್ಷತಾ ಮೇಲ್ವಿಚಾರಕ ಇರಬೇಕಂತ. ಗ್ವಾಡಿ, ಹತ್ತಿ ಇಳಿಯೋ ಪಾವಟಿಗಿ, ವೈರು ಎಲ್ಲಾ ನೋಡ್ಕೋಬೇಕಂತ."

"ಓದಿದವರು ಊರ ತುಂಬ ಅದಾರಲ್ರಿ?"

"ಓದಿದವರು ಭಾಳ ಮಾತಾಡತಾರವ್ವಾ. ನಿನ್ನ ಮಗ ಹೇಳಿದ್ದು ಕೇಳತಾನ."

ಎಂಜಲ ಕೈಯಿಂದ ಕಾಗೆ ಓಡಿಸದ ಸಾವ್ಕಾರ ಕರೆದು ನೌಕರಿ ಕೊಡುತ್ತಾನೆ ಅಂದರೆ ಏನೋ ಇದೆ. ಬೋನಿನಲ್ಲಿ ಕೊಬ್ಬರಿ ಇಡುವುದು ಇಲಿಯ ಮೇಲಿನ ಪ್ರೀತಿಗಲ್ಲ. ಹೀಗೆಂದು ಫಕೀರವ್ವ ಅಂದುಕೊಳ್ಳುವಷ್ಟರಲ್ಲಿ ಗುದ್ಲೆಪ್ಪ ಖಾಕಿ ಅಂಗಿ ತೊಟ್ಟು ಗುಂಡಿ ಹಾಕಿಕೊಂಡಾಗಿತ್ತು.

"ಏನರ ಕೆಟ್ಟಿದ್ದು ಕಂಡ್ರ ಮ್ಯಾಲಿನವರಿಗೆ ತಿಳಸು. ತಿಳೀತಿಲ್ಲೋ?" ಅಂದ ಸಾವ್ಕಾರ.

"ತಿಳೀತ್ರಿ! ಮ್ಯಾಲಿನವರಿಗೆ!"

ಮೇಲ್ವಿಚಾರಕ ಅಂದಮೇಲೆ ಮೇಲೆ ವಿಚಾರಿಸಬೇಕಲ್ಲ? ಗುದ್ಲೆಪ್ಪ ಮುಖ ಮೇಲೆತ್ತಿ ನಡೆದ. ಮುಖ ಮೇಲೆತ್ತಿ ನಡೆದು ಕೆಳಗಿನ ಖೋಲಿಯ ದುರಗವ್ವನ ಕೊಡ ಎಡವಿದ. ಮುಖ ಮೇಲೆತ್ತಿ ನಡೆದು ಗಟಾರಕ್ಕೆ ಕಾಲು ಹಾಕಿದ. ಹಾಗೆ ಮೇಲೆ ನೋಡುತ್ತಲೇ ಹೋಗಿ ಗ್ಯಾಲರಿಯ ಕೆಳಗೆ ನಿಂತಾಗ ತೊಲೆಯಿಂದ ಹಿಟ್ಟು ಉದುರಿ ಕಣ್ಣಿಗೆ ಬಿತ್ತು. ತೊಲೆಯನ್ನು ಗೆದ್ದಲು ತಿಂದಿತ್ತು. ಬೆರಳು ಒತ್ತಿದರೆ ಬೆರಳೇ ಒಳಗೆ ಹೋಯಿತು.

ಗುದ್ಲೆಪ್ಪ ಹೇಳಿದ ಮಾತು ಮರೆಯುವವನಲ್ಲ. ದಡದಡ ಮೆಟ್ಟಿಲು ಹತ್ತಿದ, ಮೇಲಿನ ಖೋಲಿಗಳ ಬಾಗಿಲು ಒಂದೊಂದಾಗಿ ಬಡಿದ. "ನೀವು ನಿಂತ ಗ್ಯಾಲರಿ ತೊಲಿ ಗೆದ್ದಲ ತಿಂದೈತಿ! ಮ್ಯಾಲಿನವರಿಗೆ ತಿಳಸು ಅಂದಾರ, ತಿಳಸೀನಿ!"

ಮೇಲಿನವರು ಹಾಸಿಗೆ, ಪಾತ್ರೆ, ಮಕ್ಕಳು, ಕೋಳಿ ಎಲ್ಲ ಹೊತ್ತು ಅಂಗಳಕ್ಕೆ ಬಿದ್ದರು. ಸ್ವಲ್ಪ ಹೊತ್ತಿಗೆ ಅವರಿಗೂ ಅನುಮಾನ ಹತ್ತಿತು. "ಇದು ಸಾವ್ಕಾರನ ಹೂಟಾನ! ನಮ್ಮನ್ನ ಹೆದರಿಸಿ ಬಿಡಿಸಿ, ಹೆಚ್ಚಿನ ಬಾಡಿಗಿಗೆ ಬ್ಯಾರೇದವರನ್ನ ತುಂಬಾಕ!"

ಸಾವ್ಕಾರ ಓಡಿ ಬಂದ. "ಯಾರಂದ್ರು? ಅದು ತೇಗದ ತೊಲಿ, ನಮ್ಮಜ್ಜ ಹಾಕಿಸಿದ್ದು! ಹತ್ರಿ, ಹತ್ರಿ, ಮ್ಯಾಲ ಹತ್ರಿ!" ಅಂತ ಎಲ್ಲರನ್ನೂ ಹತ್ತಿಸಿ, ಗುದ್ಲೆಪ್ಪನ ಕಿವಿ ಹಿಡಿದ. "ಮ್ಯಾಲಿನವರು ಅಂದ್ರ ನಾನಲೇ, ಹುಚ್ಚಪ್ಯಾಲಿ! ಇಂಥಾವು ಕಂಡ್ರ ಮಂದೀಗೆ ಹೇಳಬಾರದು, ಮುಚ್ಚಿ ಹಾಕಬೇಕು!"

"ಮುಚ್ಚಿ ಹಾಕತೀನ್ರಿ!"

ಫಕೀರವ್ವನಿಗೆ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಇನ್ನು ಅಂಗಿ ಕಸಿದುಕೊಂಡು ಕಳಿಸುತ್ತಾನೆ, ಪೀಡೆ ಹೋಯಿತು ಅಂದುಕೊಂಡಳು. ಸಾವ್ಕಾರ ಕಳಿಸಲಿಲ್ಲ. ಊರೆಲ್ಲ ನಗುವಂತೆ ಮಾಡಿದವನನ್ನು ಇಟ್ಟುಕೊಂಡನಲ್ಲ, ಯಾಕೆ? ಬೆಳ್ಳಗಿರುವುದೆಲ್ಲ ಹಾಲಲ್ಲ.

ಮರುದಿನ ಗುದ್ಲೆಪ್ಪ ಮುಚ್ಚಿಹಾಕಲು ಏನು ಸಿಗುತ್ತದೆ ಅಂತ ಹುಡುಕುತ್ತ ಹೊರಟ. ದುರಗವ್ವ ಮಾರಾಟಕ್ಕೆ ಮಿರ್ಚಿ ಭಜಿ ಕರಿಯುತ್ತಿದ್ದಳು, ಅವಳ ಗೋಡೆಯ ಕಿಂಡಿಯಿಂದ ಗಮ್ಮನೆ ಹೊಗೆ ಬರುತ್ತಿತ್ತು. "ಅಯ್ಯಯ್ಯ, ಕೆಟ್ಟಿದ್ದು ಕಂಡಿತು!" ಅಂದವನೇ ಒಂದು ಹಸಿ ಗೋಣಿಚೀಲ ತಂದು ಕಿಂಡಿಗೆ ತುರುಕಿದ. ಮೇಲೊಂದು ಕಲ್ಲು ಬೇರೆ ಆನಿಸಿದ.

ಮೆಣಸಿನಕಾಯಿ ಘಾಟು ಒಳಗೇ ತಿರುಗಿತು. ದುರಗವ್ವ ಕೆಮ್ಮುತ್ತ, ಸೀನುತ್ತ, ಭಜಿ ತುಂಬಿದ ಜಾರಿಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಸಾವ್ಕಾರ ಕಳಿಸ್ಯಾನ! ಹೊಗಿ ಹಾಕಿ ಇಲಿ ಹೊರಡಿಸಿದಂಗ ನಮ್ಮನ್ನ ಹೊರಡಸಾಕ ಈ ಪೆದ್ದನ್ನ ಕಳಿಸ್ಯಾನ!"

ಅಂದರೆ ಚಾಳದವರಿಗೆ ಸಾವ್ಕಾರನ ಮೇಲೆ ಅನುಮಾನ. ಸಾವ್ಕಾರನಿಗೆ, ಇವನು ನಿಜಕ್ಕೂ ಪೆದ್ದನೋ ಚಾಳದವರು ಹೇಳಿಕೊಟ್ಟ ಆಟವೋ ಅಂತ ಅನುಮಾನ. ಫಕೀರವ್ವನಿಗೆ ಎಲ್ಲರ ಮೇಲೂ ಅನುಮಾನ. ಅನುಮಾನವಿಲ್ಲದವನು ಗುದ್ಲೆಪ್ಪ ಒಬ್ಬನೇ, ಅವನು ಬಿದ್ದ ಭಜಿ ಆರಿಸಿ ತಿನ್ನುತ್ತಿದ್ದ.

ಈ ಸಲ ಬೈಯುವ ಪಾಳಿ ತಾಯಿಯದು. "ಹೊಗಿ ಕಂಡ್ರ ಮುಚ್ಚತಾರೇನಲೇ, ಮೂಳ! ಮಂದಿ ಸತ್ತಾರು! ಹೊಗಿ ಕಂಡ್ರ ಮೊದಲು ಮಂದೀನ ಹೊರಗ ಹಾಕಬೇಕು, ಆಮ್ಯಾಲ ಕೊಡಗಟ್ಲೆ ನೀರು ಹೊಡೀಬೇಕು!"

"ಹೊರಗ ಹಾಕತೀನಿ, ನೀರು ಹೊಡೀತೀನಿ!"

ಗಿಳಿಗೆ ಹೇಳಿದ ಹಾಗೆ ಹೇಳಿದಳು, ಗಿಳಿಯ ಹಾಗೆ ಕಲಿತ. ಅದೇ ಸಂಜೆ ಚಾಳದ ಬಾಗಿಲ ಪಕ್ಕದ ಖೋಲಿಯಲ್ಲಿ ಸಾವ್ಕಾರ ತನ್ನ ಹೆಂಡತಿಯ ತಮ್ಮನ ಜೊತೆ ಗುಸುಗುಸು ಮಾತಾಡುತ್ತ ಕೂತಿದ್ದ. ಬಾಯಲ್ಲಿ ಚುಟ್ಟಾ. ಗುದ್ಲೆಪ್ಪ ಕಿಟಕಿಯ ಹತ್ತಿರ ನಿಂತು ಬಾಯಿ ತೆರೆದು ನೋಡಿದ. ಸಾವ್ಕಾರನ ಮೂಗಿನಿಂದ ಹೊಗೆ! ಬಾಯಿಂದಲೂ ಹೊಗೆ!

"ಹೊಗಿ! ಹೊಗಿ! ಎಲ್ಲಾರೂ ಹೊರಗ!"

ಒಳಗೆ ನುಗ್ಗಿ ಹೆಂಡತಿಯ ತಮ್ಮನನ್ನು ಧೋತರದ ಕಚ್ಚೆ ಹಿಡಿದು ಅಂಗಳಕ್ಕೆ ಎಸೆದ. ಬಚ್ಚಲ ಮುಂದಿದ್ದ ತುಂಬಿದ ಕೊಡ ತಂದು ಸಾವ್ಕಾರನ ಮುಖಕ್ಕೆ ಸುರಿದ. ಚುಟ್ಟಾ ಚುಸ್ ಅಂದಿತು.

"ಆರಿತ್ರಿ! ಇನ್ನೊಂದು ಕೊಡ ತರಲೇನ್ರಿ?"

ಕಟ್ಟೆಯ ಮೇಲಿದ್ದ ಫಕೀರವ್ವ ಎದ್ದು ಬಂದಳು. ಈಗಂತೂ ನೌಕರಿ ಬಿಡಿಸಿಯೇ ಬಿಡುತ್ತಾನೆ. ಹೊಡೆದರೂ ಹೊಡೆಯಲಿ, ಬಿಡಿಸಲಿ. ಸಾವ್ಕಾರ ಮೀಸೆಯ ನೀರು ಒರೆಸಿಕೊಂಡ, ಹಲ್ಲು ಕಡಿದ, ಆಮೇಲೆ ನಕ್ಕ. ಕೋಪ ನುಂಗಿಕೊಂಡು ನಕ್ಕ!

"ಇರಲಿ ಬಿಡವ್ವಾ, ಹುಡುಗ. ಲೇ ಗುದ್ಲ್ಯಾ, ನಾಳೆ ನಗರಸಭೆಯಿಂದ ಎಂಜಿನಿಯರ್ ಸಾಹೇಬ ಬರತಾನ. ಅವನ ಮುಂದ ಅಂಗಿ ಹಾಕ್ಕೊಂಡು ನಿಂದ್ರು, ಸಾಕು."

ಬೈದಿದ್ದರೆ ಅವಳಿಗೆ ನಿದ್ದೆ ಬರುತ್ತಿತ್ತು. ನಕ್ಕಿದ್ದು ನೋಡಿ ಮಗನನ್ನು ಒಳಗೆಳೆದು ಬಾಗಿಲು ಹಾಕಿದಳು.

"ನೀ ಕಿಟಕಿ ಹತ್ತಿರ ನಿಂತಾಗ ಅವರು ಏನ್ ಮಾತಾಡತಿದ್ರಲೇ? ಇದ್ದದ್ದು ಇದ್ದಂಗ ಹೇಳು."

ಇದ್ದದ್ದು ಇದ್ದ ಹಾಗೆ ಹೇಳುವುದರಲ್ಲಿ ಗುದ್ಲೆಪ್ಪನನ್ನು ಮೀರಿಸುವವರಿಲ್ಲ. "ಗ್ಯಾಲರಿ ಈ ಮಳಿಗಾಲ ತಡಿಯೂದಿಲ್ಲಂತ. ರಿಪೇರಿ ಯಾವನು ಮಾಡಸತಾನ, ಬಿದ್ರ ಬೀಳಲಿ, ಹೊಣಿ ಮೇಲ್ವಿಚಾರಕನ ತಲಿ ಮ್ಯಾಲ ಬೀಳತೈತಿ, ಜೇಲಿಗೆ ಆ ಪೆದ್ದ ಹೋಗತಾನ, ಅಂದ್ರು. ಯವ್ವಾ, ಹೊಣಿ ಭಾಳ ವಜ್ಜಿ ಇರತೈತೇನು? ತಲಿಗೆ ಸಿಂಬಿ ಇಟ್ಕೊಂಡ್ರ ತಡಕೋಬಹುದೇನು?"

ಫಕೀರವ್ವ ಅನುಮಾನ ಪಟ್ಟಿದ್ದೆಲ್ಲ ನಿಜವಾದರೆ ಸಂತೋಷವಾಗಬೇಕಲ್ಲ? ಆಗಲಿಲ್ಲ. ಮೇಲೆ ಅಷ್ಟು ಜೀವ, ಕೆಳಗೆ ಅಷ್ಟು ಜೀವ, ಅವಕ್ಕೆಲ್ಲ ಉತ್ತರ ಹೇಳಲು ತನ್ನ ಈ ಹಾಲುಗಲ್ಲದ ಕೋಣ! ಅವಳು ಅತ್ತಳು, ಅಳುತ್ತಲೇ ಬೈದಳು.

"ಹೊಣಿ ನಿಂದಲ್ಲೋ! ಬಾಡಿಗಿ ತಿಂದವಂದು! ನಿನ್ನ ತಲಿ ಮ್ಯಾಲ ಬೀಳೂದರಾಗ ಅದನ್ನ ಸಾವ್ಕಾರನ ತಲಿಗೆ ಕಟ್ಟಬೇಕು!"

"ಕಟ್ಟತೀನಿ. ಹೊಣಿ ಅಂದ್ರ ಯಾವುದವ್ವಾ?"

"ಈ ಚಾಳದಾಗ ಬೀಳಂಗ ಇರೂದೆಲ್ಲಾ ಹೊಣಿನ! ಹೋಗು, ಮಕ್ಕೋ!"

ಬೆಳಗಾಯಿತು. ಸಾವ್ಕಾರ ಗ್ಯಾಲರಿಗೆ ಅಡ್ಡವಾಗಿ ಮದುವೆಮನೆಯಂಥ ಬಣ್ಣದ ಪರದೆ ಕಟ್ಟಿಸಿದ್ದ. ಹೆಂಗಸರು ನಳಕ್ಕೆ ನೀರಿಗೆ ಹೋಗಿದ್ದ ಹೊತ್ತಿನಲ್ಲಿ ಪರದೆಯ ಹಿಂದೆ ಕಟಕಟ, ಪಟಪಟ ಸದ್ದು. ಏನೋ ಇರಲಿ ಅಂತ ಯಾರೂ ನೋಡಲಿಲ್ಲ. ಫಕೀರವ್ವ ಹೊಲಿದು ಮುಗಿಸಿದ ಹೊಸ ಕೌದಿಗೆ ಹುಡುಕಾಡಿದಳು, ಸಿಗಲಿಲ್ಲ. ಮಗನೂ ಸಿಗಲಿಲ್ಲ.

ಎಂಜಿನಿಯರ್ ಸಾಹೇಬರು ಬಂದರು. ಮಾತು ಕಡಿಮೆ, ನೋಟ ಜಾಸ್ತಿ.

"ಈ ಪರದೆ ಯಾಕೆ?"

"ಬಿಸಿಲಿಗ್ರೀ, ಸಾಹೇಬ್ರ."

"ಬಿಸಿಲು ಹಿಂದಿನಿಂದ ಬರ್ತಿದೆಯಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾವ್ಕಾರ, ಯಾರೂ ಕೇಳದಿದ್ದರೂ, "ತೊಲಿಗೆ ಏನೂ ಆಗಿಲ್ರೀ!" ಅಂದ.

"ತೊಲೆಯ ಮಾತು ನಾನು ಎತ್ತಲಿಲ್ಲ. ಈ ಕಟ್ಟಡದ ಹೊಣೆ ಯಾರದು?"

"ಮೇಲ್ವಿಚಾರಕಂದ್ರಿ! ಎಲ್ಲಾ ಅವಂದ! ಗುದ್ಲೆಪ್ಪಾ, ಬಾರಪಾ!"

ಪರದೆ ಸರಿಯಿತು. ಗುದ್ಲೆಪ್ಪ ಬಂದ. ಕೌದಿಯಲ್ಲಿ ಕಟ್ಟಿದ ದೊಡ್ಡ ಗಂಟನ್ನು ಬೆನ್ನ ಮೇಲೆ ಹೊತ್ತು, ಏದುಸಿರು ಬಿಡುತ್ತ ಬಂದ. "ನಂದಲ್ರೀ ಸಾಹೇಬ್ರ, ಹೊಣಿ ಸಾವ್ಕಾರ್ರದು. ತಡೀರಿ, ಕಟ್ಟತೀನಿ!" ಅಂದವನೇ ಗಂಟನ್ನು ಸಾವ್ಕಾರನ ರುಮಾಲಿನ ಮೇಲೆ ಇಟ್ಟು, ಗದ್ದದ ಕೆಳಗೆ ಹಗ್ಗ ಬಿಗಿದ. ಸಾವ್ಕಾರನ ಮೊಣಕಾಲು ಬಾಗಿದವು.

"ಏನಯ್ಯ ಇದರಲ್ಲಿ?" ಅಂದರು ಸಾಹೇಬರು.

"ಹೊಣಿರೀ! ಬೀಳಂಗ ಇದ್ದದ್ದೆಲ್ಲಾ ಬಿಡಿಸಿ ತಂದೀನಿ!"

ಸಾಹೇಬರು ಕೌದಿಯ ತುದಿ ಎಳೆದರು. ಗ್ಯಾಲರಿಯ ಕಟಾಂಜನದ ತುಕ್ಕು ಹಿಡಿದ ಸರಳು ಬಿತ್ತು, ಮೆಟ್ಟಿಲಿನ ಕೊಳೆತ ಹಲಗೆ ಬಿತ್ತು, ಗಾರೆಯ ಹೆಂಟೆ ಬಿತ್ತು, ಜೋತಾಡುತ್ತಿದ್ದ ಬಲ್ಬಿನ ಹೋಲ್ಡರು ಬಿತ್ತು. ಕೊನೆಗೆ ತೊಲೆಯ ತುಂಡು ಬಿತ್ತು. ಅದರಿಂದ ಗೆದ್ದಲು ಸಾಲುಗಟ್ಟಿ ಸಾವ್ಕಾರನ ಕೊರಳೊಳಗೆ ಇಳಿದವು. ಗೆದ್ದಲಿಗೇನು ಗೊತ್ತು, ಆ ಕೊರಳೂ ತೇಗದ ತೊಲೆಯೇ ಅಂದುಕೊಂಡಿತ್ತು.

ಸಾಹೇಬರು ಪರದೆ ಎತ್ತಿ ಗ್ಯಾಲರಿ ನೋಡಿದರು. ನೋಡಿದವರ ಮುಖ ಬಿಳುಚಿತು. "ಮೇಲಿನವರೆಲ್ಲ ಈಗಲೇ ಇಳಿಯಲಿ, ಹಿಂದಿನ ಮೆಟ್ಟಿಲಿಂದ. ರಿಪೇರಿ ಮುಗಿಯುವವರೆಗೆ ಅವರಿಗೆ ನೀವೇ ಜಾಗ ಕೊಡಬೇಕು, ಸಾವ್ಕಾರ್ರೇ. ಆಳಿಗೊಂದು ಅಂಗಿ ತೊಡಿಸಿದರೆ ಮಾಲೀಕನ ಹೊಣೆ ತಪ್ಪೋದಿಲ್ಲ. ಏನಾದರೂ ಆದರೆ ನಾನು ಹಿಡಿಯೋದು ನಿಮ್ಮನ್ನೇ."

ಫಕೀರವ್ವ ಉಸಿರು ಬಿಟ್ಟಳು. ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು, ಮಗನ ಕಡೆ ನೋಡಿದಳು. ಇವನು ಪೆದ್ದನೇ ಹೌದೋ? ಇಷ್ಟು ವರ್ಷ ತನ್ನೆದುರೇ ನಾಟಕ ಆಡಿದನೋ? ಊರಿನ ಮೇಲೆಲ್ಲ ಅನುಮಾನಪಟ್ಟವಳಿಗೆ ಈಗ ಹೆತ್ತ ಮಗನ ಮೇಲೇ ಅನುಮಾನ ಹುಟ್ಟಿತು.

ಅಷ್ಟರಲ್ಲಿ ಗುದ್ಲೆಪ್ಪ ಹಣೆ ಬಡಿದುಕೊಂಡು, "ಅಯ್ಯೋ, ಒಂದು ಉಳೀತು!" ಅಂತ ಹಿಂದಿನ ಮೆಟ್ಟಿಲು ಹತ್ತಿ ಓಡಿದ. ಮೇಲಿನ ಮೂಲೆಯ ಖೋಲಿಯಲ್ಲಿ ಸಿದ್ದವ್ವ ಅನ್ನುವ ಹಣ್ಣುಹಣ್ಣು ಮುದುಕಿ ಇದ್ದಳು. ನಿಂತರೆ ನಡುಗುವಳು, ನಡೆದರೆ ತೂಗುವಳು. ಅವಳನ್ನು ಹಾಸಿಗೆಯಿಂದ ಎತ್ತಿ, ಎರಡೂ ಕೈಯಲ್ಲಿ ಮಗುವಿನ ಹಾಗೆ ಹಿಡಿದು ಇಳಿದು ಬಂದ. ತಂದವನು ನೇರ ಸಾವ್ಕಾರನ ಹೆಗಲ ಮೇಲೆ ಕೂರಿಸಿದ.

"ಇದೂ ಯಾವಾಗ ನೋಡಿದ್ರೂ ಬೀಳಂಗ ಇರತೈತ್ರೀ, ಸಾಹೇಬ್ರ! ಯವ್ವಾ, ಹಗ್ಗ ಸಾಲವಲ್ದು. ಅಜ್ಜೀನ ಕಟ್ಟಾಕ ನಿನ್ನ ಸೆರಗು ಕೊಡು!"

ಪೆದ್ದನೇ! ಸಂಶಯವೇ ಇಲ್ಲ, ಅಪ್ಪಟ ಪೆದ್ದ! ಫಕೀರವ್ವನಿಗೆ ಅಷ್ಟು ದಿನಗಳ ಮೇಲೆ ನಗು ಬಂತು, ಕಣ್ಣೀರೂ ಬಂತು. ಸಾಹೇಬರು ನಗಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಕೊರಳಲ್ಲಿ ಗೆದ್ದಲು ಹರಿಯುತ್ತಿದ್ದರೂ ಸಾವ್ಕಾರ ಅಲುಗಾಡುವ ಹಾಗಿರಲಿಲ್ಲ. ಸಿದ್ದವ್ವ ಅವನ ಎರಡೂ ಕಿವಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೆಟ್ಟಗ ನಿಂದ್ರೋ ವಿರೂಪಣ್ಣಾ," ಅಂದಳು ಮುದುಕಿ, "ನಾ ಬಿದ್ದೇನು!"