ಹೂವಂಗಡಿಯ ಬಿಯರ್ ಫ್ರಿಜ್

“ಗುರುಗಳೇ, ಮಠದ ಉಗ್ರಾಣದಲ್ಲಿ ಒಬ್ಬ ಹಿರಿಯರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಕೆಲಸ ಮಾಡುತ್ತಾರೆ. ಆದರೆ ಅವರು ಕೈ ಹಾಕಿದ್ದೆಲ್ಲ ಕೆಡುತ್ತದೆ. ಹೇಳಿದರೆ ನೊಂದುಕೊಳ್ಳುತ್ತಾರೆ, ಹೇಳದಿದ್ದರೆ ದವಸ ಹಾಳಾಗುತ್ತದೆ. ನಾನು ಏನು ಮಾಡಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ದಸ್ತಗಿರಿ ಎಂಬ ಫ್ರಿಜ್ ಮೆಕ್ಯಾನಿಕ್ ಇದ್ದ. ಹೂವು ಮಾರುವ ಹನುಮಕ್ಕ ಒಂದು ದಿನ ಅವನನ್ನು ಕರೆಸಿದಳು.

ಹನುಮಕ್ಕ ಬಹಳ ವರ್ಷ ಬುಟ್ಟಿ ಹೊತ್ತು ಬೀದಿ ಬೀದಿ ಸುತ್ತಿ ಹೂವು ಮಾರಿದವಳು. ಗಂಡ ಓಬಳಪ್ಪನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ಅವನನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟುಬರಲು ಅವಳಿಗೆ ಮನಸ್ಸಾಗಲಿಲ್ಲ. ಒಂದು ಸಣ್ಣ ಅಂಗಡಿ ಹಿಡಿದಳು. ಮುಚ್ಚಿಹೋಗುತ್ತಿದ್ದ ಬಾರೊಂದರಿಂದ ಬಿಯರ್ ಇಡುವ ಗಾಜಿನ ಬಾಗಿಲಿನ ಹಳೆಯ ಫ್ರಿಜ್ ತಂದು ಅದರಲ್ಲಿ ಹೂವಿಟ್ಟಳು. ಗಂಡನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. ಈಗ ಆ ಫ್ರಿಜ್ಜೇ ಕೈ ಕೊಟ್ಟಿತ್ತು. ತಾಮ್ರದ ಪೈಪಿನ ಮೇಲೆ ಮಣಿಕಟ್ಟಿನ ಗಾತ್ರದ ಮಂಜುಗಡ್ಡೆ ಕಟ್ಟುತ್ತಿತ್ತು. ಒಳಗೆ ಮಾತ್ರ ತಂಪಿಲ್ಲ. ಮಧ್ಯಾಹ್ನದೊಳಗೆ ಮಲ್ಲಿಗೆ ಕಂದಿಹೋಗುತ್ತಿತ್ತು.

“ಇಬ್ಬರು ಬಂದು ಗ್ಯಾಸ್ ತುಂಬಿ ಹೋದರು ತಮ್ಮಾ. ಎರಡು ದಿನಕ್ಕೆ ಮತ್ತೆ ಹೀಗೇ. ಇದು ಸರಿಹೋಗದಿದ್ದರೆ ನಾನು ಮತ್ತೆ ಬುಟ್ಟಿ ಹೊರಬೇಕು. ಇವರ ಹತ್ತಿರ ಯಾರಿರುತ್ತಾರೆ?” ಎನ್ನುತ್ತ ಅವಳು ಚಾಕು ತೆಗೆದುಕೊಂಡು ಗಡ್ಡೆಯನ್ನು ಕೆತ್ತಲು ಹೋದಳು.

“ಬೇಡ ಅಕ್ಕಾ. ಒಳಗಿರುವುದು ತೆಳು ತಾಮ್ರ, ತೂತು ಬಿದ್ದರೆ ಮುಗಿಯಿತು. ತಾನಾಗಿ ಕರಗಲಿ,” ಎಂದ ದಸ್ತಗಿರಿ.

ಬುಟ್ಟಿ, ಒದ್ದೆ ಬಟ್ಟೆ ಎಲ್ಲ ತೆಗೆಸಿ ಫ್ರಿಜ್ ಖಾಲಿ ಮಾಡಿಸಿ, ಬಾಗಿಲು ತೆರೆದಿಟ್ಟು, ಗಡ್ಡೆ ಕರಗುವವರೆಗೆ ಕಾದ. ಧೂಳು ತೆಗೆದ. ಫ್ಯಾನ್ ತಿರುಗುತ್ತಿತ್ತು. ಗ್ಯಾಸ್ ಸರಿಯಾಗಿತ್ತು. ಕೊರತೆ ಏನೂ ಕಾಣಲಿಲ್ಲ. ಹನುಮಕ್ಕ ಬುಟ್ಟಿಗಳನ್ನು ಮತ್ತೆ ಒಳಗಿಟ್ಟಳು. ಎರಡನೆಯ ದಿನ ಪೈಪು ಮತ್ತೆ ಬೆಳ್ಳಗಾಗಿತ್ತು.

ದಸ್ತಗಿರಿ ಯೋಚಿಸಿದ. ತಾನೂ ಉಳಿದಿಬ್ಬರೂ ನೋಡಿದ್ದು ಖಾಲಿ ಫ್ರಿಜ್ಜನ್ನು. ಕೆಡುತ್ತಿರುವುದು ತುಂಬಿದ ಫ್ರಿಜ್ಜು. ಮರುದಿನ ಬೆಳಿಗ್ಗೆಯೇ ಅಂಗಡಿಗೆ ಹೋದ. ಹನುಮಕ್ಕ ಗಂಡನನ್ನು ಅಂಗಡಿಯಲ್ಲಿ ಕೂರಿಸಿ ಹೂವು ತರಲು ಹೋಗಿದ್ದಳು. ಓಬಳಪ್ಪ ಊರುಗೋಲು ಹಿಡಿದು ಎದ್ದುನಿಂತಿದ್ದ. ಕೋಲನ್ನು ಕಂಕುಳಿಗೆ ಕೊಟ್ಟು, ಎಡಗೈಯಿಂದ ಒದ್ದೆ ಬಟ್ಟೆಯೊಂದನ್ನು ಮೇಲಿನ ಬುಟ್ಟಿಯ ಹಿಂದೆ, ಫ್ಯಾನಿನ ಜಾಲರಿಗೆ ಸಿಕ್ಕಿಸುತ್ತಿದ್ದ. ಅಂಚು ಜಾರಿತು. ಮತ್ತೆ ಸಿಕ್ಕಿಸಿದ. ಮಗುವಿಗೆ ಹೊದಿಸುವವನಂತೆ ನಾಲ್ಕು ಸಲ ಸವರಿದ.

ದಸ್ತಗಿರಿಗೆ ಮೊದಲು ನಗು ಬಂತು. ಆ ಕೈಯನ್ನು ನೋಡುತ್ತ ನೋಡುತ್ತ ನಗು ಅಡಗಿತು. ಇಡೀ ದಿನದಲ್ಲಿ ಆ ಕೈಗೆ ಉಳಿದಿದ್ದ ಕೆಲಸ ಅದೊಂದೇ.

ಅವನು ಓಬಳಪ್ಪನನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತ. “ಬಟ್ಟೆ ಯಾಕಣ್ಣಾ?”

“ಗಾಳಿ... ಹೂವಿಗೆ ಆಗದು. ಅವಳು ಕಟ್ಟಿದ್ದು... ಒಣಗುತ್ತದೆ,” ಎಂದ ಓಬಳಪ್ಪ. ಅವನ ನಾಲಿಗೆ ತೊದಲುತ್ತಿತ್ತು.

“ಫ್ಯಾನ್ ಮುಚ್ಚಿದರೆ ಒಳಗೆ ಗಾಳಿ ತಿರುಗುವುದಿಲ್ಲ ಅಣ್ಣಾ. ತಂಪೆಲ್ಲ ಪೈಪಿನಲ್ಲೇ ಮಂಜಾಗಿ ಕೂರುತ್ತದೆ.”

ಓಬಳಪ್ಪನ ಮುಖ ಇಳಿಯಿತು. “ನಾನೇ ಕೆಡಿಸಿದೆ.”

“ಗಾಳಿಗೆ ಹೂವು ಒಣಗುತ್ತದೆ ಎಂದು ಕಂಡುಕೊಂಡವರು ನೀವು. ಬಂದ ನಾವು ಮೂವರೂ ಪೈಪು ನೋಡಿದೆವು, ಹೂವು ನೋಡಲಿಲ್ಲ. ಬಟ್ಟೆಯನ್ನು ಬುಟ್ಟಿಯ ಮೇಲೆ ಹೊದಿಸಿ. ಫ್ಯಾನಿನ ಮುಂದೆ ಒಂದು ಗೇಣು ಜಾಗ ಬಿಡಿ. ಇದನ್ನು ದಿನಾ ನೋಡಿಕೊಳ್ಳುವವರು ಬೇಕು. ನೀವೇ ನೋಡಿಕೊಳ್ಳಿ.”

ಓಬಳಪ್ಪ ಎದ್ದ. ಬಟ್ಟೆ ತೆಗೆದು ಬುಟ್ಟಿಗೆ ಹೊದಿಸಿದ. ದಸ್ತಗಿರಿ ಬುಟ್ಟಿಯನ್ನು ಮುಂದಕ್ಕೆಳೆದ. ಓಬಳಪ್ಪ ಎಡಗೈ ಬೆರಳು ಚಾಚಿ ಗೇಣು ಅಳೆದ.

ಹನುಮಕ್ಕ ಬಂದವಳೇ ಕೇಳಿದಳು: “ಏನಾಗಿತ್ತು ತಮ್ಮಾ?”

“ಒಳಗೆ ಗಾಳಿಯಾಡಲು ಜಾಗವಿರಲಿಲ್ಲ ಅಕ್ಕಾ. ಅಣ್ಣ ಜಾಗ ಮಾಡಿಕೊಟ್ಟಿದ್ದಾರೆ.”

ಅವಳು ಫ್ಯಾನ್ ನೋಡಿದಳು. ಬುಟ್ಟಿಯ ಮೇಲಿದ್ದ ಬಟ್ಟೆ ನೋಡಿದಳು. ಗಂಡನ ಮುಖ ನೋಡಿದಳು. ಹೊಸ ಮಲ್ಲಿಗೆಯನ್ನು ಒಳಗಿಟ್ಟು, ಇನ್ನೊಂದು ಬಟ್ಟೆ ಅದ್ದಿ ಹಿಂಡಿ, ಅವನ ಎಡಗೈಗೆ ಕೊಟ್ಟಳು.

ಎಂಟು ದಿನ ಬಿಟ್ಟು ದಸ್ತಗಿರಿ ಬಂದು ನೋಡಿದಾಗ ಪೈಪಿನ ಮೇಲೆ ಬರೀ ತೇವವಿತ್ತು. ಮಲ್ಲಿಗೆ ಮೊಗ್ಗಾಗಿಯೇ ಇತ್ತು.

ಕತೆ ಮುಗಿಯಿತು. ಶಿಷ್ಯ ಕೇಳಿದ: “ಆದರೆ ಗುರುಗಳೇ, ತಪ್ಪು ಯಾರದೆಂದು ಅವನು ಹನುಮಕ್ಕನಿಗೆ ಹೇಳಲೇ ಇಲ್ಲವಲ್ಲ?”

ಗುರುಗಳು ಹೇಳಿದರು: “ಯಾರಿಗೆ ಹೇಳಬೇಕಿತ್ತೋ ಅವರ ಪಕ್ಕದಲ್ಲಿ ಕುಳಿತು ಹೇಳಿದ.”