ಮಳೆರಾಯ ಬಾಯಿ ಮುಚ್ಚಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಹಿಮ ಅನ್ನೋದೇ ಇರಲಿಲ್ಲ ಮಗೂ. ಬೆಟ್ಟದ ತುದಿಯ ಸರೋವರದ ಮೇಲೂ ಮಳೆಯೇ ಬೀಳುತ್ತಿತ್ತು. ಆ ಮಳೆರಾಯನೋ, ಮಹಾ ವಾಚಾಳಿ. ಬಂದರೂ ಲೊಡಲೊಡ, ಹೋದರೂ ಲೊಡಲೊಡ.

ಒಂದು ವಸಂತದಲ್ಲಿ ದುಗ್ಗವ್ವ ಎಂಬ ಕುರಿಗಾಹಿ ಹೆಂಗಸು ಚಿಗುರುಹುಲ್ಲಿಗೆಂದು ಮಂದೆ ಹೊಡೆದುಕೊಂಡು ಆ ಸರೋವರಕ್ಕೆ ಹೊರಟಳು. ಜೊತೆಗೆ ಏಳು ವರ್ಷದ ಮಗಳು ನಿಂಬಿ. ಅವಳ ಕಾಲು ನಿಂತಲ್ಲಿ ನಿಲ್ಲದು. ಮೇಕೆಮರಿಯ ಹಿಂದೆ ಓಡುವುದೇ ಅವಳ ಕೆಲಸ.

"ಮುಂದೆ ಹೋದರೆ ಹೋಗು. ಆದರೆ ನಾನು 'ಕೂ' ಅಂದರೆ ನೀನು 'ಓ' ಅನ್ನಬೇಕು," ಅಂದಳು ದುಗ್ಗವ್ವ. ಬೆಟ್ಟ ಹತ್ತುವ ಕುರಿಗಾಹಿಗಳ ಕಟ್ಟಳೆಯೇ ಅದು.

ಮೊದಲ ತಿರುವಿನಲ್ಲಿ ಕೂ. ಓ. ಎರಡನೆಯ ತಿರುವಿನಲ್ಲಿ ಕೂ. ಓ.

ಮೂರನೆಯ ತಿರುವಿಗೆ ಮಂಜು ಕವಿಯಿತು, ಮಳೆರಾಯನೂ ಬಂದ. ಬಂದವನೇ ಕೆಳಗಿನ ಊರುಗಳ ಸುದ್ದಿ ಶುರು ಹಚ್ಚಿಕೊಂಡ. ಯಾರ ಸೂರು ಸೋರಿತು, ಯಾವ ಹೊಳೆ ಉಕ್ಕಿತು, ಯಾವ ಕಪ್ಪೆಗೆ ಮದುವೆಯಾಯಿತು.

ದುಗ್ಗವ್ವ ಕೂ ಅಂದಳು. ಲೊಡಲೊಡ ಬಿಟ್ಟು ಬೇರೇನೂ ಕೇಳಿಸಲಿಲ್ಲ.

"ಮಳೆರಾಯ, ಒಂದು ಗಳಿಗೆ ಬಾಯಿ ಮುಚ್ಚೋ ನನ್ನಪ್ಪ. ನನ್ನ ಮಗಳು ಓ ಅಂತಾಳೆ, ಕೇಳಿಸಿಕೊಳ್ತೀನಿ."

"ತಾಳವ್ವಾ, ಕಪ್ಪೆ ಮದುವೆ ಅರ್ಧಕ್ಕೆ ನಿಂತಿದೆ. ಮುಗಿಸಿಬಿಡ್ತೀನಿ."

"ನಿನ್ನ ಕಾಲಿಗೆ ಬೀಳ್ತೀನೋ!"

"ಮುಗೀತು, ಇನ್ನು ಊಟವೊಂದೇ ಬಾಕಿ," ಅಂದ. ಏನು ಹೇಳೋಣ ಅವನ ಬುದ್ಧಿಗೆ! ಏನೇನು ಬಡಿಸಿದರು ಅಂತಲೂ ಹೇಳಿದ.

ಅವನು ಸುಮ್ಮನಾದಾಗ ದುಗ್ಗವ್ವ ಗಂಟಲು ಹರಿಯುವಂತೆ ಕೂಗಿದಳು. ಓ ಬರಲಿಲ್ಲ.

ಬಿದ್ದು ಎದ್ದು ಮೇಲೆ ಬಂದರೆ, ದಡದಲ್ಲಿ ಮೇಕೆಮರಿಯೊಂದೇ ನಡುಗುತ್ತ ನಿಂತಿತ್ತು.

ಸರೋವರ ಹೇಳಿತು: "ಮಂಜಿನಲ್ಲಿ ದಡ ಕಾಣದೆ ಜಾರಿದಳವ್ವಾ. ಕಲ್ಲು ಹಿಡಿದುಕೊಂಡು ಮೂರು ಸಲ ಓ ಅಂದಳು. ನನಗೆ ಕೈಯಿಲ್ಲ, ಎತ್ತಲಾರದೆ ಹೋದೆ."

ದುಗ್ಗವ್ವ ಎದೆ ಬಡಿದುಕೊಂಡು ಅತ್ತಳು. ಅತ್ತು ಅತ್ತು ಸೋತು, ದಡದಲ್ಲಿ ಕೂತು ಮತ್ತೆ ಕೂ ಅಂದಳು. ಕಿವಿಗೊಟ್ಟಳು. ಮತ್ತೆ ಕೂ ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಳೆರಾಯನಿಗೆ ನಾಚಿಕೆಯಿಂದ ಮೈಯೆಲ್ಲ ತಣ್ಣಗಾಯಿತು, ಮುಖ ಬಿಳಿಚಿಕೊಂಡಿತು. ಬಾಯಿ ಬಿಗಿಹಿಡಿದು, ಬೆಳ್ಳಗೆ, ಮೆಲ್ಲಗೆ, ಒಂದಿಷ್ಟೂ ಸದ್ದು ಮಾಡದೆ ಸರೋವರದ ಮೇಲೆ ಇಳಿದ. ಅದೇ ಮೊದಲ ಹಿಮ.

ನಮ್ಮ ತಗಡಿನ ಮೇಲೆ ಬಾಯಿ ಬಡಿದುಕೊಳ್ಳುವ ಇದೇ ಮಳೆ ಬೆಟ್ಟದ ತುದಿಗೆ ಏರಿದರೆ ಹಿಮವಾಗಿ ಸದ್ದಿಲ್ಲದೆ ಬೀಳುವುದು ಅದಕ್ಕೇ. ಆ ತಾಯಿ ಇನ್ನೂ ಕೂಗುತ್ತಲೇ ಇದ್ದಾಳೆ; ಮಗಳು ಓ ಅಂದರೆ ಈ ಸಲವಾದರೂ ಕೇಳಿಸಲಿ ಅಂತ.