ಬಳೆಗೆ ಸುತ್ತಿದ ಬಟ್ಟೆ

"ಗುರುಗಳೇ, ನನ್ನ ಕೋಣೆಯ ಹಿಂದಿನ ಅಂಗಳಕ್ಕೆ ಸುತ್ತಲೂ ಎತ್ತರದ ಗೋಡೆ ಹಾಕಿಕೊಳ್ಳಲು ಅಪ್ಪಣೆ ಕೊಡುತ್ತೀರಾ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

ಕೇಳಿದ ಎನ್ನುವುದಕ್ಕಿಂತ ಸಿಡುಕಿದ ಎನ್ನಬೇಕು. ಮಠದ ಅಡುಗೆಯವರು ಅವನ ಕಿಟಕಿಯ ಕೆಳಗೇ ಪಾತ್ರೆ ತಿಕ್ಕುತ್ತಿದ್ದರು. ಜಪಕ್ಕೆ ಕುಳಿತರೆ ಮಂತ್ರದ ಬದಲು ಬೈಗುಳವೇ ಬಾಯಿಗೆ ಬರುತ್ತಿತ್ತು. ಆ ಬೆಳಿಗ್ಗೆ ಅವರ ತಪ್ಪಲೆಯೊಂದನ್ನು ಕಿತ್ತುಕೊಂಡು ಬಾವಿಕಟ್ಟೆಯ ಆಚೆ ಎಸೆದು ಬಂದಿದ್ದ.

ಗುರುಗಳು ಅವನನ್ನು ಕುಳ್ಳಿರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅಂಗಡಿಯಲ್ಲಿ ಬೆಣ್ಣೆಯಂಥ ಮನುಷ್ಯ. ಗಿರಾಕಿ ಸೀರೆಯ ರಾಶಿಯನ್ನೇ ಬಿಚ್ಚಿಸಿ ಏನೂ ಕೊಳ್ಳದೆ ಎದ್ದುಹೋದರೂ ನಗುತ್ತಲೇ ಮಡಚಿಡುತ್ತಿದ್ದ. ನುಂಗಿಕೊಂಡ ಆ ಸಿಟ್ಟನ್ನೆಲ್ಲ ಸಂಜೆ ಮನೆಗೆ ಹೊತ್ತು ತರುತ್ತಿದ್ದ. ಮನೆಯ ಹಿಂದಿನ ಅಂಗಳದಲ್ಲಿ ಒಂದು ದೊಡ್ಡ ಒರಳುಕಲ್ಲು. ಅವನ ಅಜ್ಜಿಯ ಕಾಲದಿಂದಲೂ ಕೇರಿಯ ಹೆಂಗಸರು ಅಲ್ಲಿಗೇ ರುಬ್ಬಲು ಬರುವುದು ವಾಡಿಕೆ. ರುಬ್ಬುವಾಗ ಬಾಯಿ ಸುಮ್ಮನಿರುತ್ತದೆಯೇ? ಮಾತು, ನಗು, ನಡುನಡುವೆ ಜಗಳ. ವ್ಯಾಪಾರಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಒಂದು ದಿನ ಅವನು ಒರಳನ್ನು ಕೀಳಿಸಿ ಬೀದಿಗೆ ಉರುಳಿಸಿದ. ಪಕ್ಕದ ಮನೆಯವರು ಅದನ್ನು ತಮ್ಮ ಅಂಗಳದಲ್ಲಿ ಹೂಳಿಸಿಕೊಂಡರು. ಹೆಂಗಸರು ಅಲ್ಲಿಗೆ ಹೋದರು.

ವ್ಯಾಪಾರಿ ತನ್ನ ಅಂಗಳದ ಸುತ್ತ ಆಳೆತ್ತರದ ಗೋಡೆ ಕಟ್ಟಿಸಿದ. ನೆಲಕ್ಕೆ ಕಲ್ಲುಹಾಸು, ಮೂಲೆಯಲ್ಲಿ ಮಲ್ಲಿಗೆ ಬಳ್ಳಿ, ಒರಗಲು ನುಣುಪಾದ ಜಗಲಿ. ಯಾರೂ ಇಣುಕುವಂತಿಲ್ಲ. ಒಂದೊಂದು ಕಲ್ಲನ್ನೂ ತಾನೇ ಮುಂದೆ ನಿಂತು ಇಡಿಸಿದ. ಮೊದಲ ಸಂಜೆ ಜಗಲಿಗೆ ಒರಗಿದ. ಗೋಡೆಯಾಚೆಯಿಂದ ನಗು ಕೇಳಿತು. ಮರುದಿನವೇ ಗಾರೆ ಕೆಲಸದವರನ್ನು ಕರೆಸಿ ಗೋಡೆ ಎತ್ತರಿಸಿದ. ಸಾಲದೆಂದು ಮತ್ತೆ ಎತ್ತರಿಸಿದ. ಕಡೆಗೆ ಹೊರಗಿನ ಸದ್ದು ಕಿವಿಗೊಟ್ಟರೆ ಮಾತ್ರ ಕೇಳುವಷ್ಟಾಯಿತು.

ಸದ್ದು ಹೋಯಿತು, ಸಿಟ್ಟು ಹೋಗಲಿಲ್ಲ. ಹೊರಗೆ ಬೈಯಲು ಯಾರೂ ಸಿಗದೆ ಅದು ಮನೆಯೊಳಗೇ ತಿರುಗಾಡತೊಡಗಿತು. ಹೆಂಡತಿ ಪೊರಕೆ ಆಡಿಸಿದರೆ ಬೈದ. ಬಿಂದಿಗೆ ಇಳಿಸಿದರೆ ಬೈದ. ಒಮ್ಮೆ ಅವಳು ಮಲ್ಲಿಗೆ ಬಿಡಿಸಲು ಕೈಯೆತ್ತಿದಾಗ ಗಾಜಿನ ಬಳೆಗಳು ಸದ್ದು ಮಾಡಿದವು.

"ಆ ಬಳೆಗಳ ಕಾಟ ಒಂದು ತಪ್ಪಿದರೆ ಸಾಕಾಗಿದೆ ನನಗೆ," ಎಂದು ಕಿರುಚಿದ.

ಗಂಡ ಬದುಕಿರುವಾಗ ಬಳೆ ಕಳಚುವುದುಂಟೇ? ಅವಳು ಹಳೆಯ ಸೀರೆಯೊಂದನ್ನು ಹರಿದು ಬಳೆಗಳ ಸುತ್ತ ಬಿಗಿಯಾಗಿ ಸುತ್ತಿಕೊಂಡಳು. ಅದನ್ನು ಕಂಡು ಆ ಗಂಡಸಿಗೆ ನಾಚಿಕೆಯಾಯಿತೇ? ಇಲ್ಲ. ಇಷ್ಟು ದಿನ ಇವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದುಕೊಂಡ.

ಇದನ್ನು ಹೇಳುವಾಗ ಗುರುಗಳ ದನಿ ಗಡುಸಾಯಿತು.

ಒಂದು ಮಧ್ಯಾಹ್ನ ಅವನು ಅಂಗಡಿ ಬೇಗ ಮುಚ್ಚಿ ಬಂದ. ಜಗಲಿಗೆ ಒರಗಿ ನೀರು ತರುವಂತೆ ಕೂಗಿದ. ನೀರು ಬರಲಿಲ್ಲ. ಇನ್ನೊಮ್ಮೆ ಕೂಗಿ ಕಿವಿಗೊಟ್ಟ. ಗೋಡೆಯಾಚೆ ಒರಳಿನ ಸದ್ದು, ಬಳೆಗಳ ಸದ್ದು, ಯಾರೋ ಒಬ್ಬಳ ತುಂಬು ನಗು. ಈ ನಗುವವಳನ್ನು ಇವತ್ತು ಸುಮ್ಮನೆ ಬಿಡುವುದಿಲ್ಲ ಎಂದು ಹಲ್ಲು ಕಡಿಯುತ್ತ ಎದ್ದುಹೋದ.

ಪಕ್ಕದ ಅಂಗಳದಲ್ಲಿ ಒರಳಿನ ಮುಂದೆ ಕುಳಿತಿದ್ದವಳು ಅವನ ಹೆಂಡತಿ. ಬಳೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಪಕ್ಕದಲ್ಲಿಟ್ಟಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಆ ನಗು ಯಾರದೆಂದು ಗೊತ್ತಾಗಿರಲಿಲ್ಲ.

"ಮನೆಗೆ ನಡಿ," ಎಂದ.

"ರುಬ್ಬಿ ಮುಗಿಸಿ ಬರ್ತೀನಿ," ಎಂದಳು ಅವಳು, ತಲೆಯೆತ್ತದೆ. "ಅದು ನೀವು ನಿಮಗೋಸ್ಕರ ಕಟ್ಟಿಸಿಕೊಂಡ ಅಂಗಳ. ನೀವು ಹೋಗಿ ಕೂತ್ಕೊಳ್ಳಿ."

ಅವನು ಒಬ್ಬನೇ ಬಂದು ಕುಳಿತ. ಪೊರಕೆಯ ಸದ್ದಿಲ್ಲ, ಬಿಂದಿಗೆಯ ಸದ್ದಿಲ್ಲ. ಬೇಕೆಂದದ್ದೆಲ್ಲ ಸಿಕ್ಕಿತ್ತು. ಆದರೂ ಸಿಟ್ಟು ಇಳಿಯದೆ ಜಗಲಿಯ ಕಲ್ಲನ್ನು ಗುದ್ದುತ್ತಲೇ ಇದ್ದ.

ಗುರುಗಳು ಕತೆ ನಿಲ್ಲಿಸಿದರು.

"ಅಂಥವನಿಗೆ ಹಾಗೇ ಆಗಬೇಕು," ಎಂದ ಚೆನ್ನಮಲ್ಲ. "ಆದರೆ ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ನನ್ನ ಗೋಡೆಯೊಳಗೆ ನೋಯುವವರು ಯಾರಿದ್ದಾರೆ, ಗುರುಗಳೇ?"

ಅಷ್ಟರಲ್ಲಿ ಹಿಂದೆ ಪಾತ್ರೆಗಳ ಸದ್ದು ಮತ್ತೆ ಶುರುವಾಯಿತು. ಚೆನ್ನಮಲ್ಲನ ಮುಷ್ಟಿ ತಾನಾಗಿ ಬಿಗಿಯಿತು. ಗುರುಗಳು ಆ ಮುಷ್ಟಿಯನ್ನೇ ನೋಡುತ್ತ ಹೇಳಿದರು:

"ಅಲ್ಲಿ ನಿನ್ನ ಸಿಟ್ಟಿನ ಕೈಗೆ ಸಿಗುವವನು ನೀನೊಬ್ಬನೇ, ತಾಳಿಕೊಳ್ಳುತ್ತೀಯಾದರೆ ಗೋಡೆ ಕಟ್ಟಿಸಿಕೋ."